ಪತ್ತನಾಜೆ ಇಲ್ಲದ ಪರದೆ

ಮಂಗಳೂರಿನ ಕೊಡಿಯಾಲ್‌ಬೈಲಿನ ಹೆಸರು ಅಚ್ಚಿನ ಚರಿತ್ರೆಯಲ್ಲಿ ಕೇಳಿಬರುತ್ತದೆ. ಜೆಸ್ವಿತರು 1882ರಲ್ಲಿ ತೆರೆದ ಕೊಡಿಯಾಲ್‌ಬೈಲ್ ಪ್ರೆಸ್, ಅದಕ್ಕೂ ಎರಡು ವರ್ಷ ಹಿಂದಿನ ಸಂತ ಅಲೋಶಿಯಸ್ ಕಾಲೇಜು, ಬಿಷಪರ ನಿವಾಸ, ಸುತ್ತಮುತ್ತ ಶಾಲೆಗಳು. ಗಂಟೆಯ ಸದ್ದಿಗೆ ನಡೆಯುತ್ತಿದ್ದ ಬಡಾವಣೆ ಇದು. ಪಾಠಕ್ಕಷ್ಟೇ ಅಲ್ಲ, ಮಂಗಳೂರಿಗರ ನೋಟದ ಚಟಕ್ಕೂ ಹೊತ್ತಿನ ಗಡಿಯ ಒಂದು ಚರಿತ್ರೆ ಇದೆ. ಅದನ್ನು ಹಿಂದಿರುಗಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಯಾರು ಏನನ್ನು ಎಷ್ಟು ಹೊತ್ತು ನೋಡಬೇಕೆಂಬುದನ್ನು ಮನೆಗಳು ತೀರ್ಮಾನಿಸಿದ್ದು ಕಡಿಮೆ, ಊರು ತೀರ್ಮಾನಿಸುತ್ತಿತ್ತು. ಇವತ್ತು ಮೊಬೈಲಿನ ಪರದೆಯ ಮುಂದೆ ಅದನ್ನು ತೀರ್ಮಾನಿಸುವ ಹೊರೆ ಪೂರ್ತಿಯಾಗಿ ಒಬ್ಬ ತಾಯಿಯ ಮೇಲೆ, ಇಲ್ಲವೇ ಹತ್ತು ವರ್ಷದ ಮಗುವಿನ ಮನೋಬಲದ ಮೇಲೆ ಬಿದ್ದಿದೆ. ತಪ್ಪಿರುವುದು ಅಲ್ಲಿ.

ಯಕ್ಷಗಾನವನ್ನೇ ನೋಡಿ. ಸಂಜೆ ಚೆಂಡೆಯ ಸದ್ದು ಕೇಳಿದರೆ ಆಟ ಇದೆಯೆಂದು ಸುತ್ತಲಿನವರಿಗೆಲ್ಲ ಗೊತ್ತಾಗುತ್ತಿತ್ತು. ಮಕ್ಕಳು ರಂಗಸ್ಥಳದ ಮುಂದೆ ಚಾಪೆ ಹಾಸಿ ಮಲಗುತ್ತಿದ್ದರು. ನಡುರಾತ್ರಿ ಬಣ್ಣದ ವೇಷ ಆರ್ಭಟಿಸುತ್ತಾ ಬಂದಾಗ ಹಿರಿಯರು ತಟ್ಟಿ ಎಬ್ಬಿಸುತ್ತಿದ್ದರು, ವೇಷ ಒಳಹೋದ ಮೇಲೆ ಮತ್ತೆ ನಿದ್ದೆ. ಬೆಳಗಿನವರೆಗೂ ನಡೆಯುತ್ತಿದ್ದ ಈ ನೋಟಕ್ಕೆ ವರ್ಷದ ಗಡಿಯೊಂದಿತ್ತು. ತುಳು ಪಂಚಾಂಗದ ಬೇಷ ತಿಂಗಳ ಹತ್ತನೆಯ ದಿನ, ಅಂದರೆ ಮೇ ಕೊನೆಗೆ ಬರುವ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದರೆ ಮತ್ತೆ ತಿರುಗಾಟ ಹೊರಡುತ್ತಿದ್ದುದು ದೀಪಾವಳಿಯ ಆಸುಪಾಸಿನಲ್ಲಿ. ಎಷ್ಟೇ ಹುಚ್ಚಿದ್ದರೂ ಮಳೆಗಾಲದಲ್ಲಿ ಬಯಲಾಟ ಇಲ್ಲ.

ಸಿನಿಮಾ ಬಂದಾಗಲೂ ಗಡಿ ಉಳಿಯಿತು. ಕೆ.ಎಸ್. ರಾವ್ ರಸ್ತೆಯ ಸುಚಿತ್ರಾ, ಪ್ರಭಾತ್‌ಗಳಿಗೆ ಹೋಗಲು ಟಿಕೆಟಿನ ದುಡ್ಡು ಬೇಕಿತ್ತು, ಆಟದ ಹೊತ್ತಿಗೆ ತಲುಪಬೇಕಿತ್ತು, ಮುಗಿದೊಡನೆ ಎದ್ದು ಬರಬೇಕಿತ್ತು. 1976ರ ಡಿಸೆಂಬರಿನಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ ದಿನದ ಪ್ರಸಾರ ಮುಗಿಸಿ ಸುಮ್ಮನಾಗುತ್ತಿತ್ತು. 1987ರ ಜನವರಿಯಲ್ಲಿ ಶುರುವಾದ ದೂರದರ್ಶನದ 'ರಾಮಾಯಣ'ಕ್ಕೆ ಬೀದಿಗಳು ಬರಿದಾದವು, ನಿಜ. ಆದರೆ ಅದು ಭಾನುವಾರ ಬೆಳಿಗ್ಗೆ ಮಾತ್ರ. ಮುಂದಿನ ಕಂತಿಗೆ ಒಂದು ವಾರ ಕಾಯಲೇಬೇಕಿತ್ತು.

ಇದೆಲ್ಲ ಬಡತನದ ಮಿತಿ, ವಿವೇಕದ ಮಿತಿಯಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಸರಿಯಾದ ಮಾತೇ. ಆರೋಗ್ಯ ನೋಡಿಕೊಂಡು ಪತ್ತನಾಜೆಯನ್ನು ಯಾರೂ ಕಟ್ಟಲಿಲ್ಲ. ಆದರೆ ಬಡತನ ಹಾಕದ ಮಿತಿಯೂ ನಮ್ಮೆದುರಿಗಿದೆ. ಧರ್ಮಸ್ಥಳ ಮೇಳ ಕಾಲಮಿತಿಗೆ, ಅಂದರೆ ಬೆಳಗಿನವರೆಗೆ ನಡೆಯದೆ ಬೇಗ ಮುಗಿಯುವ ಆಟಕ್ಕೆ ಬಂದಿತ್ತು. 2022ರ ತಿರುಗಾಟದಲ್ಲಿ ಕಟೀಲು ಮೇಳಗಳೂ ಬಂದವು. ಕಟೀಲಿನ ಮಟ್ಟಿಗೆ ಕಾರಣ ರಾತ್ರಿ ಹತ್ತರ ಬಳಿಕ ಧ್ವನಿವರ್ಧಕ ಕೂಡದೆಂಬ ನಿಯಮವೇ ಹೊರತು ಪ್ರೇಕ್ಷಕರ ನಿದ್ದೆಯಲ್ಲ. ಸಂಪ್ರದಾಯ ಕೆಟ್ಟಿತೆಂದು ಜಗಳವೂ ಆಯಿತು. ಆದರೂ ಜಿಲ್ಲೆ ತನಗೆ ಅತ್ಯಂತ ಪ್ರಿಯವಾದ ನೋಟದ ಹೊತ್ತನ್ನೇ ಆಗ ಮೊಟಕುಗೊಳಿಸಿ ಬದುಕಿಕೊಂಡಿತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಅಪ್ಪ ದುಬೈಯಲ್ಲೋ ಕುವೈತಿನಲ್ಲೋ ಇರುವ ಮಗುವಿಗೆ ಮೊಬೈಲೇ ಅಪ್ಪನ ಮುಖ. ಅದಕ್ಕೆ ನಿಮಿಷ ಎಣಿಸುವುದೇ? ಬೇಕಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘಟನೆ ಕೂಡ 2016ರ ಸಲಹೆಯಲ್ಲಿ ಎಳೆಯ ಮಕ್ಕಳ ವೀಡಿಯೊ ಕರೆಗೆ ವಿನಾಯಿತಿ ಕೊಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಒಂದು ವರ್ಷದೊಳಗಿನವರಿಗೆ ಪರದೆಯೇ ಬೇಡ ಎಂದಿತು. ದೊಡ್ಡವರಿಗೆ ಅಂಥ ಲೆಕ್ಕ ಕೊಟ್ಟಿಲ್ಲ. ನಾವು ಅದನ್ನೇ ಪರವಾನಗಿ ಎಂದುಕೊಂಡಂತಿದೆ. ಹಾಗೆಂದು ನಿಷೇಧವೂ ದಾರಿಯಲ್ಲ. 2020ರ ಕೊರೊನಾ ಹೊತ್ತಿನಲ್ಲಿ ರಾಜ್ಯ ಸರಕಾರ ಚಿಕ್ಕ ತರಗತಿಗಳ ಆನ್‌ಲೈನ್ ಪಾಠ ನಿಷೇಧಿಸಿತು, ಹೈಕೋರ್ಟ್ ಜುಲೈಯಲ್ಲಿ ಆ ಆದೇಶಕ್ಕೆ ತಡೆ ಕೊಟ್ಟಿತು. ಕೇಂದ್ರದ ಮಾರ್ಗಸೂಚಿ ಎಂಟನೆಯ ತರಗತಿವರೆಗೆ 30ರಿಂದ 45 ನಿಮಿಷದ ಎರಡೇ ಪಾಠ ಸಾಕೆಂದಿತು. ಸಾರಾಸಗಟು ನಿಷೇಧ ನಿಲ್ಲಲಿಲ್ಲ. ಹೊತ್ತು ಗೊತ್ತುಮಾಡುವ ದಾರಿಯೇ ಉಳಿಯಿತು.

ಅದೂ ಒಂಟಿ ಮನೆಯಿಂದ ಆಗುವ ಕೆಲಸವಲ್ಲ. ಪಕ್ಕದ ಫ್ಲಾಟಿನ ಹುಡುಗ ಮೊಬೈಲ್ ಹಿಡಿದು ಮೆಟ್ಟಿಲಲ್ಲಿ ಕೂತಿರುವಾಗ ನಮ್ಮ ಮನೆಯ ಕಟ್ಟಳೆ ಎಷ್ಟು ದಿನ ಬಾಳೀತು? ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ 2022ರಿಂದ ಸಂಜೆ ಏಳಕ್ಕೆ ಸೈರನ್ ಊದಿ, ಒಂದೂವರೆ ಗಂಟೆ ಟಿವಿ, ಮೊಬೈಲ್ ಎರಡನ್ನೂ ಆರಿಸುವ ಪದ್ಧತಿ ಹಾಕಿಕೊಂಡಿತು. ಕೊಡಿಯಾಲ್‌ಬೈಲಿನ ಫ್ಲಾಟುಗಳಿಗೆ ಸೈರನ್ ಬೇಡ. ನಿವಾಸಿಗಳ ಮುಂದಿನ ಸಭೆಯಲ್ಲಿ ನೀರಿನ ಟ್ಯಾಂಕಿನ ಖರ್ಚಿನ ಜತೆಗೆ ಹೀಗೊಂದು ಹೊತ್ತು ಗೊತ್ತುಮಾಡುವ ವಿಷಯವನ್ನೂ ಎತ್ತಿಕೊಳ್ಳಿ. ಆ ಹೊತ್ತಿನಲ್ಲಿ ಮೊಬೈಲ್ ಮೊದಲು ಕೆಳಗಿಡುವವರು ದೊಡ್ಡವರಾಗಿರಲಿ.