ಪಾದ್ರಿಗಳೇ ಇಲ್ಲದ ಎರಡು ಶತಮಾನ

ಧರ್ಮ ಬಿಡೋದು, ಉಳಿಸ್ಕೊಳ್ಳೋದು ಅಂದ್ರೆ ನಿಮ್ಮ ಪ್ರಕಾರ ಏನು? ಜಪಾನಿನ ಈ ಕಥೆ ಓದಿ, ಆಮೇಲೆ ಹೇಳಿ.

1549ರಲ್ಲಿ ಫ್ರಾನ್ಸಿಸ್ ಕ್ಸೇವಿಯರ್ ಗೋವಾದಿಂದ ಹೊರಟು ಜಪಾನ್ ತಲುಪಿದರು. ಕ್ಯಾಥೊಲಿಕ್ ಧರ್ಮ ಅಲ್ಲಿ ಬೇರೂರಿತು. ಆದ್ರೆ 1614ರಲ್ಲಿ ಟೊಕುಗಾವಾ ಸರ್ಕಾರ ಅದನ್ನು ದೇಶಾದ್ಯಂತ ನಿಷೇಧಿಸಿ, ಪಾದ್ರಿಗಳನ್ನು ಹೊರಹಾಕಿತು.

ಮುಂದೆ ನಾಗಾಸಾಕಿ ಕಡೆ ಜನರನ್ನು ಸಾಲಾಗಿ ನಿಲ್ಲಿಸಿ, ಯೇಸು ಅಥವಾ ಮರಿಯಮ್ಮನ ಚಿತ್ರ ತುಳಿಸೋರು. ಇದಕ್ಕೆ 'ಫುಮಿ-ಎ' ಅಂತ ಹೆಸರು. ತುಳಿಯದಿದ್ರೆ ಸೆರೆ, ಚಿತ್ರಹಿಂಸೆ, ಸಾವು. ಹೆದರಿ ಧರ್ಮ ಬಿಟ್ಟವರು ಬಹಳ. ಇನ್ನು ಕೆಲವರು ತುಳಿದು ಮನೆಗೆ ಬಂದು, ಗುಟ್ಟಾಗಿ ಪಶ್ಚಾತ್ತಾಪದ ಪ್ರಾರ್ಥನೆ ಹೇಳ್ಕೊಂಡರು. ಬೌದ್ಧರ ಕಾನ್ನೊನ್ ಮೂರ್ತಿಯಲ್ಲಿ ಮರಿಯಮ್ಮನನ್ನು ಕಂಡರು. ಪಾದ್ರಿ ಇಲ್ಲದ್ದರಿಂದ ಊರಿನವರೇ ಮಕ್ಕಳಿಗೆ ಜ್ಞಾನಸ್ನಾನ ಕೊಟ್ಟರು.

1865 ಮಾರ್ಚ್ 17. ನಾಗಾಸಾಕಿಯಲ್ಲಿ ವಿದೇಶಿಯರಿಗಾಗಿ ಕಟ್ಟಿದ್ದ ಹೊಸ ಚರ್ಚಿಗೆ ಉರಾಕಾಮಿ ಹಳ್ಳಿಯ ಕೆಲವರು ಬಂದರು. ತಾವೂ ಅದೇ ನಂಬಿಕೆಯವರು ಅಂತ ಫ್ರೆಂಚ್ ಪಾದ್ರಿ ಪೆಟಿಜಾನ್‌ಗೆ ಮೆಲ್ಲಗೆ ಹೇಳಿ, ಮರಿಯಮ್ಮನ ಮೂರ್ತಿ ಎಲ್ಲಿದೆ ಅಂತ ಕೇಳಿದರು. ನಿಷೇಧ ಇನ್ನೂ ಇತ್ತು. ಗುಟ್ಟು ರಟ್ಟಾಗಿ ಉರಾಕಾಮಿಯ ಸುಮಾರು 3,400 ಜನ ಗಡೀಪಾರಾದರು.

1873ರಲ್ಲಿ ನಿಷೇಧ ಹೋಯ್ತು. ಸಾವಿರಾರು ಜನ ಚರ್ಚಿಗೆ ಮರಳಿದರು. ಆದ್ರೆ ಇಕಿತ್ಸುಕಿ ದ್ವೀಪದಂಥ ಕಡೆ ಎಷ್ಟೋ ಕುಟುಂಬಗಳು ಹೋಗಲೇ ಇಲ್ಲ! ಚರ್ಚಿಗೆ ಸೇರಬೇಕಾದ್ರೆ ಮನೆಯ ಬೌದ್ಧ ಪೀಠ ತೆಗೀಬೇಕು, ಹಿರಿಯರು ನಡೆಸಿಕೊಂಡು ಬಂದ ಆಚರಣೆ ಬಿಡಬೇಕು. ಜೀವ ಒತ್ತೆಯಿಟ್ಟು ಕಾಪಾಡಿದವರನ್ನೇ ತಪ್ಪು ಅಂದ ಹಾಗಾಗಲ್ವಾ?

ಈಗ ಹೇಳಿ, ಇವರಲ್ಲಿ ಧರ್ಮ ಬಿಟ್ಟವರು ಯಾರು, ಉಳಿದವರು ಯಾರು? ಕಾಮೆಂಟಲ್ಲಿ ಬರೀರಿ.

#ಇತಿಹಾಸ #ಜಪಾನ್ #ಕನ್ನಡದಲ್ಲಿಇತಿಹಾಸ