ಅಂಡಾಶಯದ ಸುಣ್ಣಗಟ್ಟಿದ ಗಡ್ಡೆ: ಪತ್ತೆ ಮತ್ತು ಚಿಕಿತ್ಸೆಯ ಇತಿಹಾಸ

ಅಂಡಾಶಯದ ಗಡ್ಡೆಯಲ್ಲಿ ಕ್ಯಾಲ್ಸಿಯಂ ಕೂಡಿಕೊಂಡರೆ ಸುಣ್ಣಗಟ್ಟಿದೆ ಎನ್ನುತ್ತಾರೆ. ಇದು ಒಂದೇ ಕಾಯಿಲೆಯಲ್ಲ. ಡರ್ಮಾಯ್ಡ್ ಗಡ್ಡೆಯೊಳಗೆ ಬೆಳೆದ ಹಲ್ಲು, ಮೂಳೆ, ಫೈಬ್ರೋಮಾದ ಗಟ್ಟಿ ಭಾಗ, ಸೀರಸ್ ಗಡ್ಡೆಗಳ ‘ಸಮೋಮಾ’ ಎಂಬ ಸೂಕ್ಷ್ಮ ಸುಣ್ಣದ ಕಣಗಳು ಎಲ್ಲವೂ ಈ ಹೆಸರಿನಡಿ ಬರುತ್ತವೆ. ಇವುಗಳನ್ನು ಬೇರ್ಪಡಿಸದೆ ಬರೆದರೆ ಗೊಂದಲವಾಗುತ್ತದೆ.

ಆರಂಭದ ಶಸ್ತ್ರಚಿಕಿತ್ಸೆಯ ಕಥೆ ಪ್ರಸಿದ್ಧ. 1809ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ವೈದ್ಯ ಎಫ್ರೈಮ್ ಮೆಕ್‌ಡೊವೆಲ್ ಅವರು ಜೇನ್ ಟಾಡ್ ಕ್ರಾಫರ್ಡ್ ಅವರ ಅಂಡಾಶಯದ ಗಡ್ಡೆಯನ್ನು ಅರಿವಳಿಕೆಯಿಲ್ಲದೆ ತೆಗೆದರು. ಆಕೆ 1842ರವರೆಗೆ ಬದುಕಿದ್ದರು. ಈ ಸಾಧನೆಯಲ್ಲಿ ವೈದ್ಯರಷ್ಟೇ ಪಾಲು ಆಕೆಯ ಧೈರ್ಯಕ್ಕೂ ಸಲ್ಲಬೇಕು.

1895ರಲ್ಲಿ ಎಕ್ಸ್‌ರೇ ಬರುವವರೆಗೆ ಗಡ್ಡೆಯೊಳಗಿನ ಹಲ್ಲು ಕಾಣಲು ಅದನ್ನು ಕೊಯ್ಯಲೇಬೇಕಿತ್ತು. ಆಮೇಲೆ ಕಿಬ್ಬೊಟ್ಟೆಯ ಚಿತ್ರದಲ್ಲಿ ಹಲ್ಲು ಕಂಡರೆ ಡರ್ಮಾಯ್ಡ್ ಎನ್ನುವಂತಾಯಿತು. ಆದರೆ ಮೂತ್ರಕೋಶದ ಕಲ್ಲು, ಗರ್ಭಕೋಶದ ಸುಣ್ಣಗಟ್ಟಿದ ಫೈಬ್ರಾಯ್ಡ್ ಕೂಡ ಅದೇ ಜಾಗದಲ್ಲಿ ಬೆಳ್ಳಗೆ ಕಾಣುತ್ತಿದ್ದವು. 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ತಂಡ ಹೊಟ್ಟೆಯ ಗಡ್ಡೆಗಳ ಅಲ್ಟ್ರಾಸೌಂಡ್ ಪರೀಕ್ಷೆಯನ್ನು ಪ್ರಕಟಿಸಿತು. ಇಲ್ಲೂ ತೊಡಕು ಉಳಿಯಿತು: ಕೂದಲು, ಜಿಡ್ಡು, ಸುಣ್ಣದ ಭಾಗಗಳು ಧ್ವನಿತರಂಗವನ್ನು ತಡೆದು ಹಿಂದೆ ನೆರಳು ಬೀಳಿಸುವುದರಿಂದ ಗಡ್ಡೆಯ ಮೇಲ್ಭಾಗವಷ್ಟೇ ಕಾಣುತ್ತದೆ. 1977ರಲ್ಲಿ ಇದಕ್ಕೆ ‘ಹಿಮಬಂಡೆಯ ತುದಿ’ ಎಂಬ ಹೆಸರು ಬಂತು. ಕೊಬ್ಬನ್ನೂ ಹಲ್ಲನ್ನೂ ಒಟ್ಟಿಗೆ ತೋರಿಸುವ ಸಿ.ಟಿ. ಸ್ಕ್ಯಾನ್ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿತು.

ಸುಣ್ಣ ಕಂಡರೆ ಕ್ಯಾನ್ಸರ್ ಇರಬಹುದೇ ಎಂಬುದು ಹೆಚ್ಚು ಚರ್ಚೆಯಾದ ಪ್ರಶ್ನೆ. ಸಮೋಮಾ ಕಣಗಳು ಸೀರಸ್ ಕ್ಯಾನ್ಸರಿನಲ್ಲಿ ಕಾಣುವುದು ನಿಜ. ನಿರುಪದ್ರವಿ ಸೀರಸ್ ಗಡ್ಡೆಗಳಲ್ಲೂ ಅವು ಇರಬಹುದು. ಹಾಗಾಗಿ ಬರಿಯ ಸುಣ್ಣಕ್ಕಿಂತ ಗಡ್ಡೆಯ ಗಟ್ಟಿ ಭಾಗ, ಒಳಗೋಡೆಯ ಮೊಗ್ಗಿನಂಥ ಬೆಳವಣಿಗೆ, ರಕ್ತಸಂಚಾರ ಇವೇ ಮುಖ್ಯವಾದವು. 2008ರಲ್ಲಿ ‘ಅಯೋಟಾ’ ಎಂಬ ಅಂತರರಾಷ್ಟ್ರೀಯ ತಂಡ ಪ್ರಕಟಿಸಿದ ಅಲ್ಟ್ರಾಸೌಂಡ್ ಪರೀಕ್ಷೆಯ ಸರಳ ನಿಯಮಗಳು ಧ್ವನಿಯ ನೆರಳನ್ನು ನಿರುಪದ್ರವದ ಲಕ್ಷಣಗಳ ಸಾಲಿಗೆ ಸೇರಿಸಿದವು. ಈ ಇತಿಹಾಸದ ನಿಜವಾದ ತಿರುವು ಇದು.

ಚಿಕಿತ್ಸೆಯೂ ಬದಲಾಯಿತು. ಅಂಡಾಶಯವನ್ನೇ ತೆಗೆಯುತ್ತಿದ್ದ ಕಡೆ, ಸಣ್ಣ ರಂಧ್ರದ ಮೂಲಕ ಮಾಡುವ ಲ್ಯಾಪರೋಸ್ಕೋಪಿ ಹರಡಿದ ಮೇಲೆ ಗಡ್ಡೆಯನ್ನಷ್ಟೇ ಬಿಡಿಸುವುದು ರೂಢಿಯಾಯಿತು. ನೋವಿಲ್ಲದ ಸಣ್ಣ ಡರ್ಮಾಯ್ಡ್ ಅನ್ನು ಸ್ಕ್ಯಾನ್ ಮಾಡಿಸುತ್ತ ಗಮನಿಸುವುದೂ ಉಂಟು. ಅದು ಕ್ಯಾನ್ಸರಿಗೆ ತಿರುಗುವುದು ಸುಮಾರು ಶೇ. 1ರಿಂದ 2ರಷ್ಟು ಪ್ರಕರಣಗಳಲ್ಲಿ, ಹೆಚ್ಚಾಗಿ ಮುಟ್ಟು ನಿಂತವರಲ್ಲಿ. ಗಡ್ಡೆಯಿರುವವರಿಗೆ ಕಿಬ್ಬೊಟ್ಟೆಯಲ್ಲಿ ಹಠಾತ್ತನೆ ತೀವ್ರ ನೋವು, ವಾಂತಿ ಬಂದರೆ ಅಂಡಾಶಯ ತಿರುಚಿಕೊಂಡಿರಬಹುದು. ಆಗ ಕಾಯದೆ ಆಸ್ಪತ್ರೆಗೆ ಹೋಗಬೇಕು.