ಅರೆತಲೆನೋವಿಗೆ ನ್ಯಾನೊಕಣ ಔಷಧ

ಅರೆತಲೆನೋವಿನ ಔಷಧವನ್ನು ಅತಿ ಸೂಕ್ಷ್ಮ ಕಣಗಳೊಳಗೆ ಸೇರಿಸಿ, ನೋವು ಏರುವ ಮೊದಲೇ ನರಗಳಿಗೆ ಮುಟ್ಟಿಸುವ ವಿಧಾನ. ಈ ಕಣಗಳ ಗಾತ್ರ ಸಾಮಾನ್ಯವಾಗಿ 200 ನ್ಯಾನೊಮೀಟರಿನ ಒಳಗಿರುತ್ತದೆ. ಒಂದು ಮಿಲಿಮೀಟರಿನಲ್ಲಿ 10 ಲಕ್ಷ ನ್ಯಾನೊಮೀಟರುಗಳಿವೆ. ವಿಧಾನ ಇನ್ನೂ ಹೆಚ್ಚಾಗಿ ಪ್ರಯೋಗಾಲಯದಲ್ಲೇ ಇದೆ.

ಅರೆತಲೆನೋವು (ಮೈಗ್ರೇನ್) ಅಪರೂಪದ ಕಾಯಿಲೆಯಲ್ಲ. ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವರ್ಷದವರನ್ನು ಮನೆಮನೆಗೆ ಹೋಗಿ ವಿಚಾರಿಸಿ, 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವರ್ಷದ ಅವಧಿಯಲ್ಲಿ ಇದು ಶೇ 25.2 ಮಂದಿಯನ್ನು ಕಾಡಿತ್ತು. ಹೆಂಗಸರಲ್ಲಿ ಹೆಚ್ಚು.

ಔಷಧ ಇಲ್ಲವೆಂದಲ್ಲ, ಅದು ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ. 1990ರ ದಶಕದಿಂದ ಬಳಕೆಯಲ್ಲಿರುವ ಸುಮಾಟ್ರಿಪ್ಟಾನ್ ಮಾತ್ರೆಯನ್ನು ನುಂಗಿದರೆ ರಕ್ತಕ್ಕೆ ಸೇರುವುದು ಸುಮಾರು ಶೇ 15 ಭಾಗ ಮಾತ್ರ. ಚರ್ಮದಡಿಯ ಚುಚ್ಚುಮದ್ದಿನಲ್ಲಿ ಶೇ 95ಕ್ಕೂ ಹೆಚ್ಚು ಸೇರುತ್ತದೆ. ಮೇಲಾಗಿ ನೋವು ಬಂದಾಗ ಜಠರದ ಚಲನೆಯೇ ನಿಧಾನವಾಗುತ್ತದೆ, ವಾಂತಿಯೂ ಬರುತ್ತದೆ. ಕತ್ತಲೆ ಕೋಣೆಯಲ್ಲಿ ಕಣ್ಣುಮುಚ್ಚಿ ಮಲಗಿದವರಿಗೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದೇ ಕಷ್ಟ.

ಆದ್ದರಿಂದ ಸಂಶೋಧಕರ ಗಮನ ಹೆಚ್ಚಾಗಿ ಮೂಗಿನ ಮೇಲಿದೆ. ಮೂಗಿನ ಒಳಪದರದ ರೋಮಗಳು ಅಲ್ಲಿ ಬಿದ್ದದ್ದನ್ನೆಲ್ಲ 15–20 ನಿಮಿಷಗಳಲ್ಲಿ ಗಂಟಲಿಗೆ ದಬ್ಬುತ್ತವೆ. ಸಿಂಪಡಿಸಿದ ಔಷಧದ ಕಹಿ ನಾಲಗೆಗೆ ಇಳಿಯುವುದು ಹೀಗೆಯೇ. ಸಿಗಡಿ, ಏಡಿಗಳ ಚಿಪ್ಪಿನಿಂದ ಪಡೆಯುವ ಕೈಟೊಸಾನ್ ಕಣಗಳು ಲೋಳೆಗೆ ಅಂಟಿಕೊಂಡು ಹೆಚ್ಚು ಹೊತ್ತು ನಿಲ್ಲುತ್ತವೆ. ಇನ್ನೊಂದು ಬಗೆ ಕೊಬ್ಬಿನ ಕಣ: ಕರಗಿಸಿದ ಘನ ಕೊಬ್ಬಿನಲ್ಲಿ ಔಷಧವನ್ನು ಬೆರೆಸಿ, ಬಿಸಿನೀರಿನಲ್ಲಿ ರಭಸವಾಗಿ ಕಡೆದು ತಣಿಸಿದಾಗ ಔಷಧ ಹೊತ್ತ ಸಣ್ಣ ಗಟ್ಟಿಕಣಗಳು ಉಳಿಯುತ್ತವೆ. ಮೂಗಿನ ಮೇಲ್ಛಾವಣಿಯ ಘ್ರಾಣನರ ಮತ್ತು ಮುಖದ ಟ್ರೈಜೆಮಿನಲ್ ನರದ ದಾರಿಯಲ್ಲಿ ಔಷಧ ಮಿದುಳಿನತ್ತ ಸಾಗುತ್ತದೆ ಎಂಬುದು ಇಲ್ಲಿನ ಆಶಯ.

ಇಲಿಗಳ ಮೇಲಿನ ಫಲಿತಾಂಶಗಳು ಆಶಾದಾಯಕವಾಗಿವೆ. ಆದರೆ ಇಲಿಯ ಮೂಗಿನ ಒಳಪದರದ ಸುಮಾರು ಅರ್ಧದಷ್ಟು ವಾಸನೆ ಹಿಡಿಯುವ ಭಾಗ. ಮನುಷ್ಯನಲ್ಲಿ ಅದು ಶೇ 10ನ್ನೂ ಮೀರದು. ಇಲಿಯ ಲೆಕ್ಕವನ್ನು ನೇರವಾಗಿ ರೋಗಿಗೆ ಅನ್ವಯಿಸಿ ಹೇಳುವ ವರದಿಗಳನ್ನು ಎಚ್ಚರದಿಂದ ಓದಬೇಕು. ಇನ್ನೊಂದು ಮೂಲಭೂತ ಪ್ರಶ್ನೆಯೂ ಇದೆ. ನೋವಿನ ಸಂಕೇತ ಹೊರಡಿಸುವ ಟ್ರೈಜೆಮಿನಲ್ ನರಗ್ರಂಥಿ ರಕ್ತ–ಮಿದುಳು ತಡೆಗೋಡೆಯ ಹೊರಗಿದೆ. ಸಿಜಿಆರ್‌ಪಿ ಎಂಬ ನೋವುಕಾರಕ ಪ್ರೋಟೀನನ್ನು ತಡೆಯುವ ಹೊಸ ಚುಚ್ಚುಮದ್ದುಗಳು ಮಿದುಳಿನೊಳಕ್ಕೆ ಬಹುತೇಕ ಹೋಗದೆಯೇ ಗುಣ ತೋರುತ್ತವೆ. ಹಾಗಿರುವಾಗ ಮಿದುಳನ್ನು ಮುಟ್ಟುವುದಕ್ಕಿಂತ ಔಷಧ ಬೇಗ ಹೀರಿಕೊಳ್ಳಲ್ಪಟ್ಟು ಹೆಚ್ಚು ಹೊತ್ತು ಉಳಿಯುವುದೇ ನ್ಯಾನೊಕಣದಿಂದ ಸಿಗಬಹುದಾದ ನಿಜವಾದ ಲಾಭ ಎನಿಸುತ್ತದೆ.

ಭಾರತದಲ್ಲಿ ಇಂಥ ಔಷಧಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ಬಂದದ್ದು 2019ರಲ್ಲಿ. ಮೂಗಿನ ಪದರಕ್ಕೆ ಪದೇಪದೇ ಬಳಸಿದರೆ ಹಾನಿಯಾದೀತೆ, ಕಣಗಳು ದೇಹದಲ್ಲಿ ಎಲ್ಲಿ ಸೇರುತ್ತವೆ ಎಂಬುದನ್ನು ಮನುಷ್ಯರಲ್ಲಿ ಪರೀಕ್ಷಿಸಿ ತೋರಿಸಬೇಕು.

ಇದರ ಜೊತೆಗೆ ದಾಸ್ತಾನಿನ ಪ್ರಶ್ನೆ ಇದೆ. ಮೆಟ್ಟೂರಿನಿಂದ ಮಲೆ ಮಹದೇಶ್ವರ ಬೆಟ್ಟದ ಕಡೆ ಹೋಗುವ ದಾರಿಯಲ್ಲಿರುವ, ಸೇಲಂ ಜಿಲ್ಲೆಯ ಕೊಳತ್ತೂರಿನಂಥ ಊರಿನ ಬೇಸಿಗೆಯ ಕಾವಿಗೆ ಕೊಬ್ಬಿನ ಕಣಗಳು ಒಂದಕ್ಕೊಂದು ಅಂಟಬಹುದು, ಔಷಧ ಸೋರಬಹುದು. ಫ್ರಿಜ್ಜಿನಿಂದ ಹೊರತೆಗೆದರೆ ಕೆಡುವ ಔಷಧ ಅಂಥ ಊರಿನ ಮೆಡಿಕಲ್ ಶಾಪಿಗೆ ಒದಗದು. ಸದ್ಯಕ್ಕೆ ಅಲ್ಲಿನವರಿಗೆ ನೆರವಾಗುವುದು ನೋವು ಶುರುವಾದ ಕೂಡಲೇ ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳುವ ನ್ಯಾಪ್ರೊಕ್ಸೆನ್ ಅಥವಾ ಸುಮಾಟ್ರಿಪ್ಟಾನ್‌ನಂಥ ಟ್ರಿಪ್ಟಾನ್, ಮತ್ತೆಮತ್ತೆ ಬರುವವರಿಗೆ ಪ್ರೊಪ್ರನೊಲಾಲ್‌ನಂಥ ಕಡಿಮೆ ಬೆಲೆಯ ತಡೆಮಾತ್ರೆ. ಆಸ್ತಮಾ ಇರುವವರಿಗೆ ಪ್ರೊಪ್ರನೊಲಾಲ್, ಹೃದ್ರೋಗಿಗಳಿಗೆ ಟ್ರಿಪ್ಟಾನ್ ಕೊಡುವುದಿಲ್ಲ. ಟ್ರಿಪ್ಟಾನನ್ನು ತಿಂಗಳಿಗೆ 10 ದಿನ ಅಥವಾ ಅದಕ್ಕಿಂತ ಹೆಚ್ಚು ದಿನ ಬಳಸುತ್ತ ಹೋದರೆ ಔಷಧದಿಂದಲೇ ತಲೆನೋವು ಬರಬಹುದು.